ಈರುಳ್ಳಿ ಬಿಟ್ಟೆ, ಚಪಲ ಬಿಡಲಿಲ್ಲ

ಆಚಾರ–ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಬೆಂಗಳೂರಿನ ಫ್ಲಾಟಿನಲ್ಲಿ ನಾನು, ಯಜಮಾನರು, ಮಗ ಇದ್ದೇವೆ. ಎರಡು ವರ್ಷದ ಹಿಂದೆ ಯುಗಾದಿಯ ದಿನ ದೇವರ ಮುಂದೆ ಸಂಕಲ್ಪ ಮಾಡಿ ಈರುಳ್ಳಿ, ಬೆಳ್ಳುಳ್ಳಿ, ಹೋಟೆಲ್ ತಿಂಡಿ ಬಿಟ್ಟೆ. ಶುದ್ಧ ಸಾತ್ತ್ವಿಕ ಆಹಾರ ತಿಂದರೆ ನಾಲಿಗೆಯ ಚಪಲ ತಾನಾಗಿ ಹೋಗುತ್ತದೆ ಎಂದು ಪ್ರವಚನದಲ್ಲಿ ಕೇಳಿದ್ದೆ. ನನಗೆ ಹಾಗಾಗಲಿಲ್ಲ. ಏಕಾದಶಿಗೆ ನಿರಾಹಾರ ಇರುತ್ತೇನೆ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನೀರಿನ ಜೊತೆ ತಗೊಳ್ಳುತ್ತೇನೆ. ಸಂಜೆ ಹೊತ್ತಿಗೆ ಕೈ ನಡುಗುತ್ತದೆ, ಬೆವರು ಬರುತ್ತದೆ, ಏನಾದರೂ ಸಿಹಿ ತಿನ್ನಲೇಬೇಕು ಅನ್ನಿಸುತ್ತದೆ. ಕಳೆದ ಏಕಾದಶಿಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ದೀಪ ಹಾಕದೆ, ನಿಂತುಕೊಂಡೇ, ಮಗ ತಂದಿಟ್ಟಿದ್ದ ಚಿಪ್ಸ್, ಬಿಸ್ಕತ್ತು ಎಲ್ಲ ತಿಂದುಬಿಟ್ಟೆ. ಬೇರೆ ದಿನಗಳಲ್ಲೂ ರಾತ್ರಿ ಮೊಬೈಲಿನಲ್ಲಿ ಅಡುಗೆ ವಿಡಿಯೊ ನೋಡುತ್ತಾ ಹನ್ನೊಂದೂವರೆ ಆಗುತ್ತದೆ. ಇದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ಮಗ ಹೊರಗಿನಿಂದ ಆಮ್ಲೆಟ್ ತರಿಸಿಕೊಂಡ ಎಂದು ಜಗಳವಾಡಿ, ಇಂಥ ತಾಮಸ ಆಹಾರ ನನ್ನ ಮನೆಗೆ ಬೇಡ ಎಂದು ಡಬ್ಬಿಯನ್ನು ಬಾಗಿಲ ಹೊರಗಿಟ್ಟೆ. ಮೂರು ತಿಂಗಳಾಯಿತು, ಅವನು ಮನೆಯಲ್ಲಿ ಊಟ ಮಾಡುತ್ತಿಲ್ಲ. ಜಾತಕ ತೋರಿಸಿದಾಗ ಎರಡನೇ ಮನೆಯಲ್ಲಿ ರಾಹು ಇದ್ದಾನೆ, ಶಾಂತಿ ಮಾಡಿಸಿ ಅಂದರು. ನನ್ನ ವ್ರತ ಭಂಗವಾಯಿತೇ? ಪ್ರಾಯಶ್ಚಿತ್ತ ಏನು? ಶಾಂತಿ ಮಾಡಿಸಲೇಬೇಕೇ?
(ಹೆಸರು ಬೇಡ, ಬೆಂಗಳೂರು)

ಉತ್ತರ: ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕತ್ತಲಲ್ಲಿ ನಿಂತು ತಿಂದದ್ದನ್ನು ಮುಚ್ಚಿಡದೆ ಬರೆದಿದ್ದೀರಲ್ಲ, ಅಲ್ಲಿಗೇ ಅರ್ಧ ಪ್ರಾಯಶ್ಚಿತ್ತ ಆಯಿತು. ತಪ್ಪನ್ನು ಬಾಯಿಬಿಟ್ಟು ಹೇಳಿಕೊಳ್ಳುವುದನ್ನೂ ಧರ್ಮಶಾಸ್ತ್ರ ಪಾಪ ಕಳೆಯುವ ಒಂದು ದಾರಿ ಎಂದೇ ಎಣಿಸಿದೆ. ಉಳಿದರ್ಧವನ್ನು ಒಂದೊಂದಾಗಿ ನೋಡೋಣ. ಇಂಥದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಅನೇಕರು ಕೇಳುತ್ತಾರೆ. ಆದ್ದರಿಂದ ಈ ತಿಂಗಳು ಇದೊಂದಕ್ಕೇ ವಿಸ್ತಾರವಾಗಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ವೈದ್ಯರು, ಆಮೇಲೆ ಪುರೋಹಿತ

ಸಂಜೆ ಕೈ ನಡುಗುವುದು, ಬೆವರುವುದು, ಸಿಹಿ ಬೇಕೇಬೇಕು ಅನ್ನಿಸುವುದು, ಇದನ್ನು ನೀವು ಚಪಲ ಅಂದುಕೊಂಡಿದ್ದೀರಿ. ಅದು ಚಪಲವಲ್ಲದೆಯೂ ಇರಬಹುದು. ಕೆಲವು ಸಕ್ಕರೆ ಮಾತ್ರೆಗಳನ್ನು ತಗೊಂಡು ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದುಬಿಡುತ್ತದೆ. ಆಗ ದೇಹ ಕೂಗಿ ಕೇಳುವುದೇ ಹೀಗೆ. ನನಗೂ ಈ ಕಾಯಿಲೆ ಇದೆ, ಆದ್ದರಿಂದ ಹೇಳುತ್ತಿದ್ದೇನೆ. ಮುಂದಿನ ಏಕಾದಶಿಗೆ ಮೊದಲು ನಿಮ್ಮ ವೈದ್ಯರ ಹತ್ತಿರ ಹೋಗಿ, ಈ ಲಕ್ಷಣಗಳನ್ನು ಹೇಳಿ, ಉಪವಾಸ ಮಾಡಬಹುದೇ, ಮಾಡಿದರೆ ಮಾತ್ರೆ ಹೇಗೆ ಎಂದು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಅಲ್ಲಿಯವರೆಗೆ ಅಂಥ ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ.

ಇದರಿಂದ ವ್ರತ ಕೆಡುವುದಿಲ್ಲ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಗುರುವಿನ ಮಾತು, ಔಷಧ ಇತ್ಯಾದಿ ಎಂಟು ಕಾರಣಗಳಿಂದ ವ್ರತಭಂಗವಿಲ್ಲ ಎಂದು ಶಾಸ್ತ್ರವೇ ಹೇಳುತ್ತದೆ. ಮಕ್ಕಳು, ವಯಸ್ಸಾದವರು, ರೋಗಿಗಳು ಇವರಿಗೆ ಪೂರ್ತಿ ನಿರಾಹಾರದ ಒತ್ತಾಯವೂ ಇಲ್ಲ. ಹಾಲು ಹಣ್ಣು ತಗೊಂಡು ಏಕಾದಶಿ ಮಾಡಿದವರು ಏಕಾದಶಿ ಮಾಡಿದವರೇ. ಅದೇ ನೆಪದಲ್ಲಿ, ಅನ್ನ ಬಿಟ್ಟೆವಲ್ಲ ಎಂದು ಮೂರು ಹೊತ್ತು ಉಪ್ಪಿಟ್ಟು, ಅವಲಕ್ಕಿ, ಕರಿದ ಹಪ್ಪಳ ಹೊಡೆಯುವವರೂ ಇದ್ದಾರೆ. ಅವರ ವಿಷಯ ಬೇರೆ.

ಬಿಡುವುದು ಬೇರೆ, ಬಿಟ್ಟುಹೋಗುವುದು ಬೇರೆ

ಈಗ ಮುಖ್ಯ ವಿಷಯ. ಈರುಳ್ಳಿ ಬಿಟ್ಟರೂ ಚಪಲ ಯಾಕೆ ಹೋಗಲಿಲ್ಲ? ಭಗವದ್ಗೀತೆಯ ಎರಡನೇ ಅಧ್ಯಾಯದಲ್ಲಿ, ಸ್ಥಿತಪ್ರಜ್ಞನ ಲಕ್ಷಣ ಹೇಳುವಾಗ, ಭಗವಂತನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಆಹಾರ ಬಿಟ್ಟವನಿಂದ ವಿಷಯಗಳು ದೂರ ಸರಿಯುತ್ತವೆ, ಆದರೆ ಅವುಗಳ ರುಚಿ ಮನಸ್ಸಿನಲ್ಲಿ ಉಳಿದೇ ಇರುತ್ತದೆ. ಅದಕ್ಕಿಂತ ಹಿರಿದಾದದ್ದನ್ನು ಕಂಡಾಗ ಆ ರುಚಿಯೂ ಹೋಗುತ್ತದೆ. ಇದು ಅಲ್ಲಿಯ ತಾತ್ಪರ್ಯ.

ನೋಡಿ, ಎಷ್ಟು ಸೂಕ್ಷ್ಮವಾದ ಮಾತು! ನೀವು ಬಿಟ್ಟದ್ದು ವಸ್ತುವನ್ನು. ರುಚಿಯ ನೆನಪು ಹಾಗೇ ಕೂತಿದೆ. ಖಾಲಿ ಬಿಟ್ಟ ಮನೆಗೆ ಯಾರಾದರೂ ಬಂದು ಸೇರಿಕೊಳ್ಳುವ ಹಾಗೆ, ಈರುಳ್ಳಿ ಪಕೋಡ ಹೋದ ಜಾಗಕ್ಕೆ ಚಿಪ್ಸ್ ಬಂತು, ಚಿಪ್ಸ್ ಸಿಗದಿದ್ದಾಗ ಮೊಬೈಲಿನ ವಿಡಿಯೊ ಬಂತು. ಬಿಟ್ಟ ಜಾಗದಲ್ಲಿ ಹಿರಿದಾದದ್ದು ಏನನ್ನಾದರೂ ಇಡಬೇಕಾಗಿತ್ತು. ಅದನ್ನು ಯಾರೂ ನಿಮಗೆ ಹೇಳಿಕೊಡಲಿಲ್ಲ. ಅದೇನು ಅಂತ ಮುಂದೆ ಹೇಳುತ್ತೇನೆ.

ಶುದ್ಧ ಆಹಾರ ಅಂದರೆ ಯಾವುದು?

ಆಹಾರ ಶುದ್ಧವಾದರೆ ಮನಸ್ಸು ಶುದ್ಧವಾಗುತ್ತದೆ, ಮನಸ್ಸು ಶುದ್ಧವಾದರೆ ನೆನಪು ಸ್ಥಿರವಾಗುತ್ತದೆ, ಅದರಿಂದ ಒಳಗಿನ ಗಂಟುಗಳು ಬಿಚ್ಚುತ್ತವೆ ಎಂಬ ಅರ್ಥದ ಉಪದೇಶ ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯದ ಕೊನೆಯಲ್ಲಿದೆ. ಸನತ್ಕುಮಾರರು ನಾರದರಿಗೆ ಹೇಳಿದ್ದು. ಈ ಆಹಾರ ಎಂಬ ಪದಕ್ಕೆ ನಮ್ಮ ಆಚಾರ್ಯರು ಎರಡು ದಿಕ್ಕಿನಿಂದ ಅರ್ಥ ಮಾಡಿದ್ದಾರೆ. ಎರಡೂ ನಿಮಗೆ ಬೇಕು.

ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಅನ್ನಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ. ಮೊದಲನೆಯದು ಜಾತಿದೋಷ, ಅಂದರೆ ಆ ಪದಾರ್ಥದ ಸ್ವಭಾವದಲ್ಲೇ ಇರುವ ದೋಷ; ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಬೆಳ್ಳುಳ್ಳಿ, ಈರುಳ್ಳಿ, ಅಣಬೆಗಳನ್ನು ಬಿಡಬೇಕು ಅಂದದ್ದು ಈ ಲೆಕ್ಕಕ್ಕೆ ಬರುತ್ತದೆ. ಎರಡನೆಯದು ಆಶ್ರಯದೋಷ: ಅನ್ನ ಯಾರಿಂದ ಬಂತು, ಅವರ ನಡತೆ ಎಂಥದು ಎಂಬುದು. ಮೂರನೆಯದು ನಿಮಿತ್ತದೋಷ: ಕೂದಲು, ಹುಳ, ಎಂಜಲು ಮುಂತಾದವು ಸೇರಿ ಕೆಟ್ಟದ್ದು. ನಾವು ಪಟ್ಟಣದ ಜನ ಮೊದಲನೆಯದನ್ನು ಮಾತ್ರ ಹಿಡಿದುಕೊಂಡು ಕೂತಿದ್ದೇವೆ. ಈರುಳ್ಳಿ ಇಲ್ಲದ ಸಾರು ಮಾಡಿದೆವು, ಸರಿ. ಅದಕ್ಕೆ ಕೊಟ್ಟ ದುಡ್ಡು ಯಾರನ್ನಾದರೂ ನೋಯಿಸಿ ಬಂದದ್ದೇ? ಒಲೆಯ ಮುಂದೆ ನಿಂತಾಗ ಬಾಯಲ್ಲಿ ಏನಿತ್ತು, ದೇವರ ನಾಮವೇ, ಬೈಗುಳವೇ? ಇದನ್ನು ಕೇಳಿಕೊಳ್ಳುವುದಿಲ್ಲ.

ಶಂಕರಾಚಾರ್ಯರು ಛಾಂದೋಗ್ಯ ಭಾಷ್ಯದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಒಳಗೆ ತಂದುಕೊಳ್ಳುವುದೆಲ್ಲ ಆಹಾರವೇ. ಕಿವಿಯಿಂದ ಕೇಳುವ ಶಬ್ದ, ಕಣ್ಣಿನಿಂದ ನೋಡುವ ರೂಪ, ಇವುಗಳ ಅರಿವು ರಾಗದ್ವೇಷ ಬೆರೆಯದೆ ಇದ್ದರೆ ಅದು ಆಹಾರಶುದ್ಧಿ ಎಂದು ಅವರ ಅಭಿಪ್ರಾಯ. ಅಂದಮೇಲೆ ರಾತ್ರಿ ಹನ್ನೊಂದೂವರೆಯವರೆಗೆ ನೀವು ನೋಡುವ ಅಡುಗೆ ವಿಡಿಯೊ ಏನಾಯಿತು? ಬಾಯಿಗೆ ಪಥ್ಯ, ಕಣ್ಣಿಗೆ ಔತಣ! ನಾಲಿಗೆ ಹಸಿದು ಮಲಗಿದೆ, ಕಣ್ಣು ಮಾತ್ರ ಎಡೆಬಿಡದೆ ಉಣ್ಣುತ್ತಿದೆ. ಮರುದಿನ ನಾಲಿಗೆ ತನ್ನ ಪಾಲು ಕೇಳದೆ ಬಿಡುತ್ತದೆಯೇ?

ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ಸಾತ್ತ್ವಿಕ, ರಾಜಸ, ತಾಮಸ ಆಹಾರಗಳ ವಿವರ ಬರುತ್ತದೆ. ಅಲ್ಲಿ ಈರುಳ್ಳಿ, ಆಲೂಗಡ್ಡೆ ಎಂಬ ಪಟ್ಟಿ ಇಲ್ಲ, ಗುಣಗಳ ವಿವರ ಇದೆ. ಆಯುಸ್ಸು, ಬಲ, ಆರೋಗ್ಯ, ಸಂತೋಷ ಹೆಚ್ಚಿಸುವ, ರಸವುಳ್ಳ, ಜಿಡ್ಡುಳ್ಳ, ಹಿತವಾದ ಆಹಾರ ಸಾತ್ತ್ವಿಕ. ಅತಿಯಾದ ಹುಳಿ, ಅತಿಯಾದ ಉಪ್ಪು, ಅತಿಯಾದ ಬಿಸಿ, ಖಾರ, ಒಣಕಲು, ಉರಿ ಹುಟ್ಟಿಸುವುದು ರಾಜಸ. ಹಳಸಿದ್ದು, ರಸ ಹೋದದ್ದು, ನಾತ ಬರುವುದು, ಎಂಜಲು, ದೇವರಿಗೆ ಅರ್ಪಿಸಲು ಯೋಗ್ಯವಲ್ಲದ್ದು ತಾಮಸ. ಎರಡು ಸಂಗತಿ ಗಮನಿಸಿ. ಒಂದು, ಅತಿ ಎಂಬ ಮಾತು. ಉಪ್ಪು ತಪ್ಪಲ್ಲ, ಅತಿಯಾದ ಉಪ್ಪು ತಪ್ಪು. ಇನ್ನೊಂದು, ಇವು ಆಯಾ ಗುಣದವರಿಗೆ ಪ್ರಿಯವಾದ ಆಹಾರ ಎಂದು ಹೇಳಿದ್ದು. ತಟ್ಟೆಯಲ್ಲಿ ಏನಿದೆ ಎಂಬುದರ ಜೊತೆಗೆ, ಮನಸ್ಸು ಯಾವುದರ ಕಡೆ ಓಡುತ್ತಿದೆ ಎಂಬುದನ್ನು ನೋಡಿಕೋ ಅಂತ ಅದರ ಸೂಚನೆ. ಈ ಅಳತೆಯಲ್ಲಿ ಹಿಡಿದರೆ ಫ್ರಿಜ್ಜಿನಲ್ಲಿ ನಾಲ್ಕು ದಿನ ಇಟ್ಟ ಈರುಳ್ಳಿ ಇಲ್ಲದ ಹುಳಿ ಸಾತ್ತ್ವಿಕ ಅಲ್ಲ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಚಿಪ್ಸ್ ಕೂಡ ಅಲ್ಲ.

ಶ್ವೇತಕೇತುವಿನ ಉಪವಾಸ

ಹಾಗಂತ ಅನ್ನವನ್ನು ಶತ್ರು ಮಾಡಿಕೊಳ್ಳಬಾರದು. ಛಾಂದೋಗ್ಯದ ಆರನೇ ಅಧ್ಯಾಯದಲ್ಲಿ ಉದ್ದಾಲಕ ಋಷಿ ಮಗ ಶ್ವೇತಕೇತುವಿಗೆ ಒಂದು ಪಾಠ ಮಾಡುತ್ತಾನೆ. ತಿಂದ ಅನ್ನ ಮೂರು ಭಾಗವಾಗುತ್ತದೆ; ಸ್ಥೂಲ ಭಾಗ ಮಲ, ಮಧ್ಯದ್ದು ಮಾಂಸ, ಅತಿ ಸೂಕ್ಷ್ಮವಾದದ್ದು ಮನಸ್ಸು. ಮೊಸರು ಕಡೆದಾಗ ಸೂಕ್ಷ್ಮ ಅಂಶ ಬೆಣ್ಣೆಯಾಗಿ ಮೇಲೆ ಬರುವ ಹಾಗೆ. ಮಗನಿಗೆ ಇದು ಮನಸ್ಸಿಗೆ ಹತ್ತಬೇಕಲ್ಲ? ಹದಿನೈದು ದಿನ ಊಟ ಬಿಡು, ನೀರು ಮಾತ್ರ ಬೇಕಾದಷ್ಟು ಕುಡಿ ಅಂದ. ಹದಿನಾರನೇ ದಿನ ಕರೆದು ವೇದ ಹೇಳು ಅಂದರೆ ಒಂದೂ ನೆನಪಿಗೆ ಬರಲಿಲ್ಲ. ದೊಡ್ಡ ಬೆಂಕಿ ಆರಿ ಮಿಂಚುಹುಳದಷ್ಟು ಒಂದು ಕೆಂಡ ಉಳಿದರೆ ಅದು ಏನನ್ನು ತಾನೇ ಸುಟ್ಟೀತು, ಹೋಗಿ ಊಟ ಮಾಡಿ ಬಾ ಅಂದ ತಂದೆ. ಊಟ ಮಾಡಿ ಬಂದ ಮಗ ಕೇಳಿದ್ದೆಲ್ಲ ಹೇಳಿದ.

ಇಲ್ಲಿ ತಂದೆ ಮಗನಿಗೆ ಕಲಿಸಿದ್ದು ಅನ್ನದ ಮಹಿಮೆಯನ್ನು. ಬೈದು ಕಲಿಸಲಿಲ್ಲ, ಕೊನೆಗೆ ಊಟ ಮಾಡು ಎಂದು ಹೇಳಿಯೇ ಕಲಿಸಿದ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಿಮ್ಮ ಮಗನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಊಟದ ವಿಧಿಯಲ್ಲೇ ಮದ್ದಿದೆ

ಬಿಟ್ಟ ಜಾಗದಲ್ಲಿ ಹಿರಿದಾದದ್ದು ಇಡಬೇಕು ಅಂದೆನಲ್ಲ, ಅದು ನಮ್ಮ ಹಿರಿಯರ ಭೋಜನವಿಧಿ. ಊಟವನ್ನೇ ಅವರು ಒಂದು ಹೋಮ ಮಾಡಿದ್ದರು. ಹೊಟ್ಟೆಯಲ್ಲಿರುವ ಜಠರಾಗ್ನಿಯೇ ಅಗ್ನಿ, ತುತ್ತೇ ಆಹುತಿ. ಹೋಮಕುಂಡಕ್ಕೆ ಯಾರಾದರೂ ಟಿವಿ ನೋಡುತ್ತಾ ತುಪ್ಪ ಹಾಕುತ್ತಾರೆಯೇ?

ಕ್ರಮ ಹೀಗಿದೆ. ಮೊದಲು ದೇವರಿಗೆ ನೈವೇದ್ಯ. ನೀರಿನಿಂದ ಚೌಕ ಮಂಡಲ ಬರೆದು, ಅದರ ಮೇಲೆ ಪಾತ್ರೆ ಇಟ್ಟು, ತುಪ್ಪ ಬಡಿಸಿ, ತುಳಸಿ ಹಾಕಿ ಅರ್ಪಿಸುವುದು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ. ಇದನ್ನು ನಾವು ಮಡಿ ಅಂತ ಮಾತ್ರ ತಿಳಿದಿದ್ದೇವೆ. ನಿಜವಾಗಿ ಇದು ಚಪಲಕ್ಕೆ ಮೊದಲ ಕಡಿವಾಣ. ಒಗ್ಗರಣೆಯ ಘಮ ಮೂಗಿಗೆ ಬಡಿಯುತ್ತಿದೆ, ಬಾಯಲ್ಲಿ ನೀರೂರುತ್ತಿದೆ, ಆದರೂ ಕೈ ಬಾಯಿಗೆ ಹೋಗುವುದಿಲ್ಲ. ದಿನಕ್ಕೆ ಎರಡು ಹೊತ್ತು, ವರ್ಷವಿಡೀ ಈ ಅಭ್ಯಾಸ ಆದವರಿಗೆ ರುಚಿಯ ಮುಂದೆ ಕಾಯುವ ಶಕ್ತಿ ತಾನಾಗಿ ಬರುತ್ತದೆ. ಇನ್ನೊಂದು ಲಾಭವೂ ಇದೆ. ದೇವರ ಮುಂದೆ ಇಡಲು ನಾಚಿಕೆಯಾಗುವಂಥದ್ದು ತಟ್ಟೆಗೂ ಬರುವುದಿಲ್ಲ.

ಆಮೇಲೆ ಹೊರಗಿನವರಿಗೆ ಪಾಲು. ವೈಶ್ವದೇವ, ಬಲಿಹರಣ, ಅತಿಥಿ ಎಲ್ಲ ಆದ ಮೇಲೆ ಗೃಹಸ್ಥನ ಊಟ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಎಂಬರ್ಥದ ಎಚ್ಚರಿಕೆ ಗೀತೆಯ ಮೂರನೇ ಅಧ್ಯಾಯದಲ್ಲಿದೆ. ಫ್ಲಾಟಿನಲ್ಲಿ ವೈಶ್ವದೇವ ಆಗದಿದ್ದರೆ ಕಾಗೆಗೆ ಒಂದು ತುತ್ತು ಇಡಿ. ಕಾಗೆಯೂ ಬರದಿದ್ದರೆ ವಾಚ್‌ಮನ್‌ಗೋ, ಮನೆಗೆಲಸದವರಿಗೋ ಬಿಸಿಯಾಗಿರುವಾಗಲೇ ಒಂದು ಪಾಲು ಕೊಡಿ. ನೆನ್ನೆಯದನ್ನಲ್ಲ, ಇವತ್ತಿನದನ್ನು, ನೀವು ಉಣ್ಣುವ ಮೊದಲು.

ಆಮೇಲೆ ಕೂತು ಉಣ್ಣುವುದು. ಉಪನಯನ ಆದವರು ಎಲೆಯ ಸುತ್ತ ಪರಿಷೇಚನ ಮಾಡಿ, ಚಿತ್ರಾಹುತಿ ಇಟ್ಟು, ಆಪೋಶನ ತೆಗೆದುಕೊಂಡು, ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಎಂಬ ಐದು ಪ್ರಾಣಗಳಿಗೆ ಚಿಕ್ಕ ಚಿಕ್ಕ ತುತ್ತುಗಳನ್ನು ಮಂತ್ರದೊಂದಿಗೆ ಆಹುತಿ ಕೊಡುತ್ತಾರೆ. ಕೊನೆಯಲ್ಲಿ ಉತ್ತರಾಪೋಶನ. ಅದಾದ ಮೇಲೆ ಮತ್ತೆ ತುತ್ತಿಲ್ಲ. ಮುಚ್ಚಳ ಹಾಕಿದ ಹಾಗೆ. ನೀವು ಹೆಣ್ಣುಮಕ್ಕಳು, ಮಂತ್ರದ ಚಿಂತೆ ಬೇಡ. ಇಷ್ಟದೇವತೆಯ ಹೆಸರು ಹೇಳಿ ಮೊದಲ ಐದು ತುತ್ತನ್ನು ಮೌನವಾಗಿ, ಅನ್ನದ ಮೇಲೇ ಗಮನ ಇಟ್ಟು, ಚೆನ್ನಾಗಿ ಅಗಿದು ನುಂಗಿ. ಐದೇ ತುತ್ತು. ಊಟ ಮುಗಿದ ಮೇಲೆ ಒಂದು ಗುಟುಕು ನೀರು ಕುಡಿದು, ಇಲ್ಲಿಗೆ ಆಯಿತು ಅಂತ ಮನಸ್ಸಿನಲ್ಲೇ ಹೇಳಿಕೊಂಡು ಕೈ ತೊಳೆಯಿರಿ. ನಮ್ಮ ಎಷ್ಟೋ ಚಪಲ ಹುಟ್ಟುವುದು ಈ ಆಯಿತು ಎಂಬ ಮಾತು ಇಲ್ಲದ್ದರಿಂದಲೇ. ನಿಂತು, ನಡೆದು, ಫೋನ್ ಹಿಡಿದು ತಿಂದವರಿಗೆ ಊಟ ಶುರುವಾದದ್ದೂ ಗೊತ್ತಿಲ್ಲ, ಮುಗಿದದ್ದೂ ಗೊತ್ತಿಲ್ಲ.

ಎಷ್ಟು ಉಣ್ಣಬೇಕು? ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಅನ್ನಕ್ಕೆ, ಒಂದು ನೀರಿಗೆ, ಒಂದು ಗಾಳಿಯಾಡಲು ಖಾಲಿ ಎಂದು ವಾಗ್ಭಟನ ಅಷ್ಟಾಂಗಹೃದಯ ಹೇಳುತ್ತದೆ. ಗೀತೆಯ ಆರನೇ ಅಧ್ಯಾಯವೂ ಅತಿಯಾಗಿ ತಿನ್ನುವವನಿಗೆ ಯೋಗವಿಲ್ಲ, ಏನೂ ತಿನ್ನದವನಿಗೂ ಯೋಗವಿಲ್ಲ ಎನ್ನುತ್ತದೆ. ನಿಮ್ಮದು ಒಂದು ಹೊತ್ತು ಏನೂ ಇಲ್ಲ, ಇನ್ನೊಂದು ಹೊತ್ತು ಎಲ್ಲವೂ. ಎರಡು ತುದಿಯೂ ಬೇಡ.

ಬೆಲ್ಲದ ಕಳ್ಳ

ಈಗ ನನ್ನ ಕಥೆ ಹೇಳುತ್ತೇನೆ, ಸಂಕೋಚವಿಲ್ಲ. ಪಾಠಶಾಲೆಗೆ ಸೇರಿದಾಗ ನನಗೆ ಹತ್ತು ವರ್ಷ. ಒಂದು ಏಕಾದಶಿಯ ರಾತ್ರಿ ಹಸಿವು ತಡೆಯಲಾರದೆ ಉಗ್ರಾಣಕ್ಕೆ ನುಗ್ಗಿ ಬೆಲ್ಲದ ಅಚ್ಚು ಕದ್ದೆ. ಬಾಯಿ ತುಂಬ ಬೆಲ್ಲ ಇದ್ದಾಗಲೇ ನಮ್ಮ ಗುರುಗಳು ಲಾಟೀನು ಹಿಡಿದು ಬಂದರು. ಬೆತ್ತದ ಏಟು ಖಾತ್ರಿ ಅಂದುಕೊಂಡೆ. ಅವರು, ನುಂಗು, ಗಂಟಲಿಗೆ ಸಿಕ್ಕೀತು, ನೀರು ಕುಡಿ ಅಂದರು ಅಷ್ಟೇ. ಮಾರನೇ ದಿನದಿಂದ ಒಂದು ತಿಂಗಳು ಪಂಕ್ತಿಗೆ ಬಡಿಸುವ ಕೆಲಸ ನನಗೆ ಬಿತ್ತು. ಎಲ್ಲ ಹುಡುಗರೂ ಉಂಡೆದ್ದ ಮೇಲೆ ನನ್ನ ಊಟ.

ಮೊದಲ ವಾರ ಪಾಯಸದ ಪಾತ್ರೆ ಹಿಡಿದು ನಡೆಯುವಾಗ ನನ್ನ ಕಣ್ಣೆಲ್ಲ ಪಾತ್ರೆಯ ತಳದಲ್ಲಿ. ನನಗೆ ಉಳಿಯುತ್ತದೋ ಇಲ್ಲವೋ ಎಂಬ ಲೆಕ್ಕ. ಎರಡನೇ ವಾರ ಯಾರಿಗೆ ಏನಿಷ್ಟ ಅಂತ ಗೊತ್ತಾಗತೊಡಗಿತು. ಮೂಲೆಯಲ್ಲಿ ಕೂರುತ್ತಿದ್ದ ಒಬ್ಬ ಚಿಕ್ಕ ಹುಡುಗ ಮನೆ ನೆನೆದು ಅಳುತ್ತಾ ಉಣ್ಣುತ್ತಿದ್ದ. ಅವನಿಗೆ ಎರಡನೇ ಸಲ ತುಪ್ಪ ಬಡಿಸಿದಾಗ ಅವನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಿಂಗಳ ಕೊನೆಗೆ ನನಗೆ ಹಸಿವು ಇತ್ತು, ಹಪಾಹಪಿ ಇರಲಿಲ್ಲ. ಗುರುಗಳು ಉಪದೇಶ ಏನೂ ಮಾಡಲಿಲ್ಲ. ಬಡಿಸುವ ಕೈಗೆ ಚಪಲ ಕಡಿಮೆ ಅನ್ನುವುದನ್ನು ನಾನೇ ಕಂಡುಕೊಂಡೆ.

ಆ ಪಾಠವನ್ನು ಪೂರ್ತಿ ಉಳಿಸಿಕೊಂಡೆನೇ? ಇಲ್ಲ. ಪೌರೋಹಿತ್ಯಕ್ಕೆ ಇಳಿದ ಮೇಲೆ ವಾರಕ್ಕೆ ನಾಲ್ಕು ಕಡೆ ಊಟ. ಈರುಳ್ಳಿ ಬೆಳ್ಳುಳ್ಳಿ ಜನ್ಮದಲ್ಲಿ ಮುಟ್ಟಿದವನಲ್ಲ ಎಂಬ ಜಂಭ ಬೇರೆ. ಮಡಿಯಲ್ಲಿ ಮಾಡಿದ ಹೋಳಿಗೆ, ದೇವರಿಗೆ ನೈವೇದ್ಯ ಆದದ್ದು, ಯಜಮಾನರು ಬೇಡವೆಂದರೂ ಬಡಿಸಿದ್ದು, ಏನು ದೋಷ ಅಂತ ಐದು, ಆರು ತಿಂದದ್ದೂ ಉಂಟು. ಐವತ್ತೈದರಲ್ಲಿ ಸಕ್ಕರೆ ಕಾಯಿಲೆ ಬಂತು. ವೈದ್ಯರು ದಿನಕ್ಕೆ ಏನೇನು ತಿನ್ನುತ್ತೀರಿ ಬರೆದುಕೊಡಿ ಅಂದರು. ಬರೆದು ನೋಡಿದಾಗ ನನಗೇ ನಾಚಿಕೆಯಾಯಿತು. ಶುದ್ಧವಾದದ್ದನ್ನೇ ತಿಂದಿದ್ದೆ, ಶುದ್ಧವಾಗಿ ತಿಂದಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಊರಿಗೆಲ್ಲ ಹೇಳುತ್ತಾ ಓಡಾಡಿದವನು ನಾನು! ಈಗ ಯಾರ ಮನೆಗೆ ಹೋದರೂ ಅರ್ಧ ಹೋಳಿಗೆ, ಅದೂ ಪ್ರಸಾದ ಅಂತ. ಉಳಿದರ್ಧವನ್ನು ಬಡಿಸುವ ಮೊದಲೇ ಬೇಡ ಅನ್ನುತ್ತೇನೆ, ಎಲೆಯಲ್ಲಿ ಬಿಡುವುದಿಲ್ಲ.

ಒಂದೊಂದಾಗಿ ಬಿಡುವ ಜಾಣತನ

ಬಿಡುವ ವ್ರತ ಬೇಕೇ ಬೇಕು ಅಂದರೆ ಚಾತುರ್ಮಾಸ್ಯದ ಕ್ರಮ ನೋಡಿ. ನಮ್ಮ ಕಡೆ ಮಾಧ್ವರ ಮನೆಗಳಲ್ಲಿ ಇದು ಈಗಲೂ ನಡೆಯುತ್ತಿದೆ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು. ಮೊದಲ ತಿಂಗಳು ಶಾಕವ್ರತ, ತರಕಾರಿ ಸೊಪ್ಪು ಇಲ್ಲ. ಎರಡನೇ ತಿಂಗಳು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ.

ಇದರ ಸೂಕ್ಷ್ಮ ಏನು? ತರಕಾರಿ, ಮೊಸರು, ಹಾಲು, ಬೇಳೆ, ಇವು ಯಾವುವೂ ಕೆಟ್ಟ ಪದಾರ್ಥವಲ್ಲ. ಎಲ್ಲವೂ ದೇವರ ನೈವೇದ್ಯಕ್ಕೆ ಸಲ್ಲುವಂಥವೇ. ಒಳ್ಳೆಯದನ್ನೇ, ದ್ವೇಷವಿಲ್ಲದೆ, ಒಂದು ಅವಧಿಗೆ ಬಿಟ್ಟು, ಅವಧಿ ಮುಗಿದ ಮೇಲೆ ಮತ್ತೆ ಕೃತಜ್ಞತೆಯಿಂದ ತೆಗೆದುಕೊಳ್ಳುವುದು. ಮೊಸರು ಬಿಟ್ಟ ತಿಂಗಳು ಯಾರೂ ಮೊಸರನ್ನು ಬೈಯುವುದಿಲ್ಲ. ನೀವು ಈರುಳ್ಳಿ ಬಿಡುವಾಗ ಅದನ್ನು ಬೈಯುತ್ತಾ ಬಿಟ್ಟಿರಿ. ಬೈದದ್ದನ್ನು ಮನಸ್ಸು ಮರೆಯುವುದಿಲ್ಲ, ಅದರ ಸುತ್ತಲೇ ತಿರುಗುತ್ತದೆ. ಆಯುರ್ವೇದದಲ್ಲಿ ಬೆಳ್ಳುಳ್ಳಿಗೆ ಔಷಧದ ಸ್ಥಾನವೇ ಇದೆ. ನಮ್ಮ ಆಚಾರಕ್ಕೆ ಅದು ಬೇಡ, ಅಷ್ಟೇ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಅನ್ನವನ್ನು ನಿಂದಿಸಬಾರದು ಎಂಬುದನ್ನೇ ಒಂದು ವ್ರತವಾಗಿ ಹೇಳಿದೆ. ಇದು ಈರುಳ್ಳಿ ಬಿಡುವುದಕ್ಕಿಂತ ಕಷ್ಟದ ವ್ರತ.

ಮಗನ ತಟ್ಟೆ

ಇಲ್ಲಿಗೆ ನಿಮ್ಮ ನಿಜವಾದ ನೋವಿಗೆ ಬಂದೆವು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಏಕಾದಶಿಯ ರಾತ್ರಿ ಬಿಸ್ಕತ್ತು ತಿಂದದ್ದು ಚಿಕ್ಕ ವಿಷಯ. ಮಗನ ಊಟದ ಡಬ್ಬಿಯನ್ನು ಬಾಗಿಲ ಹೊರಗಿಟ್ಟದ್ದು ದೊಡ್ಡದು. ನಿಮ್ಮ ಅಡುಗೆಮನೆಯಲ್ಲಿ ಮೊಟ್ಟೆ ಬೇಡ ಎನ್ನುವ ಹಕ್ಕು ನಿಮಗಿದೆ. ಅದನ್ನು ಸಮಾಧಾನವಾಗಿ, ಒಂದು ನಿಯಮವಾಗಿ ಹೇಳಬಹುದಿತ್ತು. ಹಸಿದು ಬಂದ ಮಗನ ಮುಂದಿದ್ದ ಊಟವನ್ನು ಎತ್ತಿ ಆಚೆ ಇಡುವುದು ಮಾತ್ರ ಗೃಹಿಣಿಯ ಧರ್ಮಕ್ಕೆ ಒಪ್ಪುವುದಿಲ್ಲ. ಅದೇ ಮಗ ತಂದಿಟ್ಟ ಬಿಸ್ಕತ್ತನ್ನೇ ನೀವು ಕತ್ತಲಲ್ಲಿ ತಿಂದಿರಿ. ನಿಮ್ಮ ಮನಸ್ಸಿಗೆ ಇಷ್ಟು ಚುಚ್ಚುತ್ತಿರುವುದು ಇದೇ ಇರಬೇಕು.

ವಾಪಸು ಕರೆಯುವುದು ಹೇಗೆ? ಉಪದೇಶ ಬೇಡ, ಉದ್ದಾಲಕ ಮಾಡಿದ ಹಾಗೆ ಊಟಕ್ಕೆ ಕರೆಯಿರಿ. ಅವನಿಗೆ ಚಿಕ್ಕಂದಿನಿಂದ ಏನಿಷ್ಟ, ನಿಮಗೆ ಗೊತ್ತಿರುತ್ತದೆ. ಅದನ್ನು ನಿಮ್ಮ ನಿಯಮದೊಳಗೇ ಮಾಡಿ, ನೈವೇದ್ಯ ಮಾಡಿ, ಬಿಸಿಯಾಗಿ ಬಡಿಸಿ. "ಅವತ್ತು ನಾನು ಹಾಗೆ ಮಾಡಬಾರದಿತ್ತು ಕಣಪ್ಪ" ಅಂತ ಒಂದೇ ಮಾತು ಹೇಳಿ. ಅವನು ಬರಲಿಲ್ಲವೇ, ತಟ್ಟೆ ಮುಚ್ಚಿಡಿ. ಮಾರನೇ ದಿನ ಮತ್ತೆ ಕರೆಯಿರಿ. ಹೊರಗೆ ಅವನು ಏನು ತಿನ್ನುತ್ತಾನೆ ಎಂದು ಕೆದಕಬೇಡಿ. ಮನೆಯ ಊಟದಲ್ಲಿ ಶಾಂತಿ ಇದ್ದರೆ ಮಕ್ಕಳು ಅದರ ಕಡೆಗೆ ತಾವಾಗಿ ತಿರುಗುತ್ತಾರೆ. ತಿರುಗದಿದ್ದರೂ ನಿಮ್ಮ ಕರ್ತವ್ಯ ನೀವು ಮಾಡಿದಂತಾಯಿತು.

ರಾಹುವಿನ ಪಾಲು ಎಷ್ಟು?

ಜಾತಕದಲ್ಲಿ ಎರಡನೇ ಮನೆ ಕುಟುಂಬಕ್ಕೆ, ಮಾತಿಗೆ, ಊಟಕ್ಕೆ ಸೇರಿದ್ದು. ಮೂರನ್ನೂ ಒಂದೇ ಮನೆಯಲ್ಲಿ ಇಟ್ಟ ನಮ್ಮ ಹಿರಿಯರ ದೃಷ್ಟಿ ಎಂಥದು ನೋಡಿ. ಒಂದು ಕೆಟ್ಟರೆ ಮೂರೂ ಕೆಡುತ್ತವೆ. ನಿಮ್ಮ ಮನೆಯಲ್ಲಿ ಊಟದ ವಿಷಯಕ್ಕೆ ಮಾತು ಕೆಟ್ಟಿತು, ಮಾತಿನಿಂದ ಕುಟುಂಬ ಕೆಟ್ಟಿತು. ಗಾದೆಯೂ ಅದನ್ನೇ ಹೇಳುತ್ತದೆ, ಊಟ ಬಲ್ಲವನಿಗೆ ರೋಗವಿಲ್ಲ ಎಂದ ಮೇಲೆ ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಜೋಡಿಸಿದೆ. ರಾಹು ಅಲ್ಲಿದ್ದರೆ ಆಸೆ ತುಸು ಹೆಚ್ಚು ಅನ್ನುವುದು ಜ್ಯೋತಿಷದ ಮಾತು, ಅಲ್ಲಗಳೆಯುವುದಿಲ್ಲ. ಆದರೆ ರಾಹು ನಿಮ್ಮ ಕೈ ಹಿಡಿದು ಡಬ್ಬಿ ಎತ್ತಿಸಲಿಲ್ಲ. ಅನುಕೂಲವಿದ್ದರೆ ಶಾಂತಿ ಮಾಡಿಸಿ, ಸಾಲ ಮಾಡಿ ಬೇಡ, ಭಯದಿಂದಲೂ ಬೇಡ. ಮಾಡಿಸಿದರೂ ಮಾಡಿಸದಿದ್ದರೂ ಕೆಳಗೆ ಹೇಳಿದ್ದನ್ನು ಮಾಡಲೇಬೇಕು. ಗ್ರಹಶಾಂತಿಗೆ ಮೊದಲು ಗೃಹಶಾಂತಿ.

ನಿಮ್ಮ ಪ್ರಾಯಶ್ಚಿತ್ತ, ಒಂದು ಮಂಡಲ

ವ್ರತ ಪೂರ್ತಿ ಭಂಗವಾಗಿಲ್ಲ, ಜಾರಿದೆ. ಜಾರಿದವರು ಎದ್ದು ನಡೆಯಬೇಕು. ಒಂದು ಶುಭ ದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿ, ಆದದ್ದನ್ನು ಹೇಳಿಕೊಂಡು, 48 ದಿನದ ಸಂಕಲ್ಪ ಮಾಡಿ. ನಿಯಮ ಇಷ್ಟೇ:

1. ನೈವೇದ್ಯವಾಗದ ಅಡುಗೆ ತಿನ್ನುವುದಿಲ್ಲ. ನಡುವೆ ಏನಾದರೂ ತಿನ್ನಬೇಕಾದರೆ, ವೈದ್ಯರು ಹೇಳಿದ ಹೊತ್ತಿನ ಹಣ್ಣೇ ಆಗಲಿ, ದೇವರ ಮುಂದೆ ಒಂದು ಕ್ಷಣ ಇಟ್ಟು ತೆಗೆದುಕೊಳ್ಳುವುದು. ಸಕ್ಕರೆ ಇಳಿದು ನಡುಕ ಬಂದಾಗ ಮಾತ್ರ ಈ ನಿಯಮವಿಲ್ಲ, ಮೊದಲು ಬಾಯಿಗೆ ಹಾಕಿಕೊಳ್ಳಿ.

2. ಕೂತೇ ತಿನ್ನುವುದು, ದೀಪ ಹಾಕಿ ತಿನ್ನುವುದು. ಚಿಪ್ಸ್ ತಿನ್ನಬೇಕು ಅನ್ನಿಸಿತೇ, ತಟ್ಟೆಗೆ ಹಾಕಿಕೊಂಡು, ದೀಪದ ಬೆಳಕಿನಲ್ಲಿ, ನಾಲ್ಕು ಜನರ ಮುಂದೆ ಕೂತು ತಿನ್ನಿ. ಅರ್ಧಕ್ಕರ್ಧ ಚಪಲ ಅಲ್ಲೇ ನಿಲ್ಲುತ್ತದೆ.

3. ಮೊದಲ ಐದು ತುತ್ತು ಮೌನ. ಊಟದ ಜಾಗಕ್ಕೆ ಫೋನ್ ಬರುವುದಿಲ್ಲ.

4. ರಾತ್ರಿ ಊಟದ ಮೇಲೆ ಅಡುಗೆ ವಿಡಿಯೊ ಇಲ್ಲ. ಆ ಹೊತ್ತಿಗೆ ವಿಷ್ಣುಸಹಸ್ರನಾಮವೋ ದಾಸರ ಪದವೋ ಕೇಳಿ. ಪುರಂದರದಾಸರು ನಾಲಿಗೆಯನ್ನೇ ಕರೆದು ಬುದ್ಧಿ ಹೇಳಿದ ಕೀರ್ತನೆ ಇದೆ, ನಿಮಗೆ ಗೊತ್ತಿರಬಹುದು.

5. ಯಾರ ತಟ್ಟೆಯ ಬಗ್ಗೆಯೂ ಮಾತಾಡುವುದಿಲ್ಲ.

6. ದಿನಕ್ಕೆ ಒಂದು ಹೊತ್ತಾದರೂ ಮನೆಯವರಿಗೆ ಬಡಿಸಿ ಆಮೇಲೆ ಉಣ್ಣುವುದು. ಮಾತ್ರೆಯ ಹೊತ್ತು ತಪ್ಪುವಷ್ಟು ಕಾಯಬೇಡಿ. ನಿಮ್ಮವರೂ ವಾರದಲ್ಲಿ ಒಂದು ದಿನ ನಿಮಗೆ ಬಡಿಸಲಿ; ಬಡಿಸುವುದು ಹೆಂಗಸರ ಕೆಲಸ ಮಾತ್ರ ಎಂದು ಯಾವ ಪಾಠಶಾಲೆಯಲ್ಲೂ ನನಗೆ ಕಲಿಸಲಿಲ್ಲ.

ನಡುವೆ ಒಂದು ದಿನ ತಪ್ಪಿದರೆ ಗೋಳಾಡಬೇಡಿ, ಮಾರನೇ ದಿನ ಮುಂದುವರಿಸಿ, ಕೊನೆಗೆ ಒಂದು ದಿನ ಸೇರಿಸಿ. 48 ದಿನ ಮುಗಿದಾಗ ಚಪಲ ಪೂರ್ತಿ ಹೋಗಿರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ನನಗೇ ಇನ್ನೂ ಪೂರ್ತಿ ಹೋಗಿಲ್ಲ, ಹೋಳಿಗೆ ಕಂಡರೆ ಮನಸ್ಸು ಒಂದು ಸಲ ಎದ್ದು ಕೂರುತ್ತದೆ. ಆದರೆ ಈಗ ಅದು ಕೂತಲ್ಲೇ ಕೂರುತ್ತದೆ, ನನ್ನನ್ನು ಎಬ್ಬಿಸಿಕೊಂಡು ಹೋಗುವುದಿಲ್ಲ.

ಸಮಾಪ್ತಿಯ ದಿನ ಪಾಯಸ ಮಾಡಿ. ದೇವರಿಗೆ ಇಟ್ಟು, ಮೊದಲ ಬಟ್ಟಲನ್ನು ಮಗನಿಗೆ ಕೊಡಿ. ನಿಮ್ಮ ಪಾಲಿಗೆ ಎರಡು ಚಮಚ ಸಾಕು.

ಇದೇ ವಿಷಯಕ್ಕೆ ಇನ್ನೆರಡು ಚಿಕ್ಕ ಪ್ರಶ್ನೆಗಳು

ಪ್ರಶ್ನೆ: ಕೆಲಸಕ್ಕೆ ಹೋಗುವವರು. ಅಂಗಡಿಯಿಂದ ತಂದ ಸಿಹಿಯನ್ನು ನೈವೇದ್ಯ ಮಾಡಬಹುದೇ?

ಉತ್ತರ: ಮನೆಯಲ್ಲಿ ಮಾಡಿದ್ದೇ ಉತ್ತಮ. ಆಗದ ದಿನ ಬಾಳೆಹಣ್ಣು, ಹಾಲು, ಬೆಲ್ಲದ ಚೂರು ಸಾಕು. ಭಗವಂತ ಎಲೆ, ಹೂವು, ಹಣ್ಣು, ನೀರು ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುತ್ತೇನೆ ಅಂದಿದ್ದಾನೆ. ಅಂಗಡಿಯ ಸಿಹಿ ಬೇಕೆನ್ನಿಸುವುದು ಸಾಮಾನ್ಯವಾಗಿ ನಮಗೆ, ದೇವರಿಗಲ್ಲ.

ಪ್ರಶ್ನೆ: ಆಫೀಸಿನ ಕ್ಯಾಂಟೀನಿನಲ್ಲಿ ಪರಿಷೇಚನ ಮಾಡಲು ಸಂಕೋಚವಾಗುತ್ತದೆ. ಬಿಟ್ಟರೆ ದೋಷವೇ?

ಉತ್ತರ: ಸಂಕೋಚ ಪಡಬೇಕಾದ ಕೆಲಸವೇನೂ ಅಲ್ಲ. ಆದರೂ ಆಗದಿದ್ದರೆ ಮನಸ್ಸಿನಲ್ಲೇ ಮಂತ್ರ ಹೇಳಿಕೊಂಡು ಮೊದಲ ಐದು ತುತ್ತು ಮೌನವಾಗಿ ತೆಗೆದುಕೊಳ್ಳಿ. ಮನೆಯಲ್ಲಿ ಉಣ್ಣುವಾಗ ಮಾತ್ರ ಕ್ರಮವಾಗಿ ಮಾಡಿ, ಮಕ್ಕಳು ನೋಡಿ ಕಲಿಯುವುದು ಅಲ್ಲಿಯೇ.

ಶುಭಮಸ್ತು.